ನಾಟಕ ಕಲಿಯಾಕ ಸಾಲ ಮಾಡ್ಬೇಕಾ? ನಮ್ಮ ಬಳ್ಳಾರಿ, ಕೊಪ್ಪಳ ಕಡೆಯವ್ರಿಗೆ ಒಂದು ಲೆಕ್ಕ

ನಮ್ಮ ಅಕ್ಕನ ಮಗಳು ಗಂಗಾವತಿಯಾಗ ಸೆಕೆಂಡ್ ಪಿಯುಸಿ. ದೀಪಾವಳಿಗೆ ಹೋದಾಗ ಊಟಕ್ಕ ಕುಂತಲ್ಲೇ ಬಾಂಬ್ ಹಾಕಿದ್ಳು, "ಮಾಮಾ, ನಾ ಮುಂದ ನಾಟಕ ಕಲೀತೀನಿ, ಬೆಂಗಳೂರಾಗ ಒಂದು ಪ್ರೈವೇಟ್ ಯೂನಿವರ್ಸಿಟಿಯಾಗ ಮೂರು ವರ್ಷದ ಡಿಗ್ರಿ ಐತಿ, ಬ್ಯಾಂಕ್ನವ್ರು ಲೋನ್ ಕೊಡ್ತಾರಂತ, ನೀವ ಅಪ್ಪಗ ಹೇಳ್ರಿ" ಅಂದ್ಲು. ನಮ್ಮ ಭಾವ ಅಕ್ಕಿ ಮಿಲ್ಲಿನಾಗ ಲೆಕ್ಕ ಬರೀತಾನ, ಕೈಯಾಗಿನ ರೊಟ್ಟಿ ಹಂಗ ಇಟ್ಟು ನನ್ನ ಮುಖ ನೋಡಿದ. ಇದೆಲ್ಲಾ ನಾನೇ ಹಚ್ಚಿಕೊಟ್ಟ ಚಟ ಅಂತ ಅವನ ಲೆಕ್ಕ. ಪೂರ್ತಿ ಸುಳ್ಳೂ ಅಲ್ಲ ಬಿಡ್ರಿ, ನಾನು ಬಳ್ಳಾರಿಯಾಗ ಹಗಲು ಸೊಸೈಟಿಯೊಳಗ ಲೋನ್ ಫೈಲ್ ನೋಡ್ತೀನಿ, ಸಂಜಿಗೆ ನಾಟಕದ ತಾಲೀಮಿಗೆ ಹೋಗ್ತೀನಿ, ಇಪ್ಪತ್ತು ವರ್ಷ ಆತು ಇದೇ ನಡದೈತಿ. ಹಂಗಾಗಿ ಸಾಲನೂ ಗೊತ್ತು, ನಾಟಕನೂ ಗೊತ್ತು. ಆಕಿಗೆ ಹೇಳಿದ್ದನ್ನ ಇಲ್ಲಿ ಬರೀತೀನಿ, ನಿಮ್ಮ ಮನ್ಯಾಗೂ ಇಂಥಾ ಹುಡುಗ ಹುಡುಗಿ ಇದ್ರ ಉಪಯೋಗ ಆಗ್ಬಹುದು.

ಮೊದ್ಲು ಒಂದು ಅಮೆರಿಕದ ಸುದ್ದಿ ಹೇಳ್ತೀನಿ, ಯಾಕಂದ್ರ ನನ್ನ ಅಳತಿಗೋಲು ಅಲ್ಲಿಂದ ತಂದಿದ್ದು. ಅಲ್ಲಿ ಸರ್ಕಾರದವ್ರು ಒಂದು ನಿಯಮ ಮಾಡಿದ್ರು: ಒಂದು ಕೋರ್ಸ್ ಮುಗಿಸಿದವ್ರು ವರ್ಷಕ್ಕ ಕಟ್ಟೋ ಸಾಲದ ಕಂತು ಅವರ ದುಡಿಮೆಯ 8% ಒಳಗಿರ್ಬೇಕು, ಇಲ್ಲಾ ಊಟ ಬಟ್ಟೆ ಅಂತ ಕನಿಷ್ಠ ಖರ್ಚು ತೆಗೆದು ಉಳಿಯೋ ರೊಕ್ಕದ 20% ಒಳಗಿರ್ಬೇಕು, ಎರಡೂ ಮೀರಿ ಬಾಳ ಮ್ಯಾಲ ಹೋದ್ರ ಆ ಕೋರ್ಸ್ ಫೇಲ್. 2017ರ ಜನವರಿಯಾಗ ಪಟ್ಟಿ ಬಂತು, ಫೇಲ್ ಆದವ್ರಾಗ ಯಾರಿದ್ರು ಅಂದ್ರ ಹಾರ್ವರ್ಡ್! ಅವರ ರೆಪರ್ಟರಿ (ಅಂದ್ರ ನಟರನ್ನ ಪಗಾರಕ್ಕ ಇಟ್ಕೊಂಡು ನಾಟಕ ಆಡೋ ತಂಡ) ಥಿಯೇಟರ್ ಜೋಡಿ ನಡೆಯೋ ನಟನೆ ಕೋರ್ಸಿನಾಗ ಕಲಿತವ್ರ ತಲಿ ಮ್ಯಾಲ ಸುಮಾರು 78,000 ಡಾಲರ್ ಸಾಲ, ವರ್ಷದ ದುಡಿಮೆ ಸುಮಾರು 36,000 ಡಾಲರ್. ಆಮ್ಯಾಲ ಅಡ್ಮಿಷನ್ನೇ ನಿಲ್ಸಿಬಿಟ್ರು. ಹಾರ್ವರ್ಡ್ ಅನ್ನೋ ಹೆಸರಿದ್ರೂ ನಟನ ಕಿಸೆ ತುಂಬಲಿಲ್ಲ. ಅದೇ ಯೇಲ್ ಯೂನಿವರ್ಸಿಟಿಯ ಡ್ರಾಮಾ ಸ್ಕೂಲಿಗೆ 2021ರಾಗ ಒಬ್ಬ ಸಾಹುಕಾರ 15 ಕೋಟಿ ಡಾಲರ್ ದಾನ ಕೊಟ್ಟ, ಅಲ್ಲಿ ಈಗ ಟ್ಯೂಷನ್ ಫೀ ಇಲ್ಲ. ಅಂದ್ರ ನಾಟಕ ಕಲಿಸಾಕ ಯಾರಾದ್ರೂ ಹೊರಗಿನವ್ರು ರೊಕ್ಕ ಹಾಕ್ಬೇಕು, ಕಲಿಯೋನ ದುಡಿಮಿಯಿಂದ ಅದನ್ನ ವಸೂಲಿ ಮಾಡ್ತೀನಿ ಅಂದ್ರ ಆಗೂದಿಲ್ಲ ಅಂತ ಅಲ್ಲಿಯವ್ರೇ ಒಪ್ಕೊಂಡಂಗಾತು.

ಈಗ ಆ 8%ನ ನಮ್ಮ ಕಡೆ ಹಚ್ಚಿ ನೋಡ್ರಿ. ನಾಟಕ ಕಲಿತು ಹೊರಗ ಬಂದ ಹುಡುಗಿ ಮೊದಲನೇ ವರ್ಷ ತಿಂಗಳಿಗೆ ಸರಾಸರಿ 15,000 ದುಡಿದ್ಲು ಅಂತ ಇಟ್ಕೊಳ್ರಿ. (ಇದು ನನ್ನ ಸುತ್ತಮುತ್ತ ಇರೋ ಹುಡುಗರನ್ನ ನೋಡಿ ಹಾಕಿದ ಅಂದಾಜು, ನಿಮಗ ಗೊತ್ತಿರೋರು ಜಾಸ್ತಿ ದುಡಿದ್ರ ಅದನ್ನೇ ಹಾಕ್ರಿ.) 8% ಅಂದ್ರ ತಿಂಗಳಿಗೆ 1,200 ರೂಪಾಯಿ ಇಎಂಐ. 10% ಬಡ್ಡಿ, 10 ವರ್ಷ ಅಂತ ಹಿಡಿದ್ರ 1,200ರ ಇಎಂಐಗೆ ಎಷ್ಟು ಸಾಲ ಬರ್ತೈತಿ? ಸುಮಾರು 90,000. ಅಷ್ಟೇ. ಒಂದು ಲಕ್ಷನೂ ಅಲ್ಲ. ಆಕಿ ತಂದು ತೋರಿಸಿದ ಪ್ರೈವೇಟ್ ಕೋರ್ಸಿಗೆ ಫೀ, ಪಿಜಿ, ಊಟ, ಓಡಾಟ ಎಲ್ಲಾ ಸೇರಿ ವರ್ಷಕ್ಕ 3 ಲಕ್ಷ ಆಗ್ತೈತಿ ಅಂತ ನಾವಿಬ್ರೂ ಕುಂತು ಹಾಕಿದ್ವಿ, ಮೂರು ವರ್ಷಕ್ಕ 9 ಲಕ್ಷ. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟೂದು ಬ್ಯಾಡ ಅಂತಾರ ಖರೆ, ಆದ್ರ ಬಡ್ಡಿ ಮಲಗಿರೂದಿಲ್ಲ, ಮೊದಲನೇ 3 ಲಕ್ಷಕ್ಕ ನಾಕು ವರ್ಷ, ಎರಡನೇದಕ್ಕ ಮೂರು, ಮೂರನೇದಕ್ಕ ಎರಡು ವರ್ಷದ ಬಡ್ಡಿ, ಬರೀ ಸಾದಾ ಬಡ್ಡಿ ಹಿಡಿದ್ರೂ 2.7 ಲಕ್ಷ. ಕಂತು ಶುರು ಆಗೋ ದಿನಾ ಸಾಲ 11.7 ಲಕ್ಷ, ಇಎಂಐ ಸುಮಾರು 15,460. ದುಡಿಯೋದು 15,000, ಕಟ್ಟೋದು 15,460! ಹತ್ತು ವರ್ಷದಾಗ ಕಟ್ಟೋ ಒಟ್ಟು ಹದಿನೆಂಟೂವರೆ ಲಕ್ಷ. ಆಕಿ ಮೊಬೈಲಿನಾಗ ಮೂರು ಸಲ ಲೆಕ್ಕ ಹಾಕಿ ನೋಡಿದ್ಲು, ನಾನು ಸುಳ್ಳು ಹೇಳಾಕತ್ತೀನಿ ಅಂತ.

"ಮಾಮಾ, ಪಿಎಂ ವಿದ್ಯಾಲಕ್ಷ್ಮಿಯಾಗ ಬಡ್ಡಿ ಸಬ್ಸಿಡಿ ಕೊಡ್ತಾರಲ್ಲ?" ಅಂದ್ಲು. ಕೊಡ್ತಾರ, ಪೂರ್ತಿ ಓದ್ಬೇಕು ಅಷ್ಟೇ. 2024ರ ನವೆಂಬರಿನಾಗ ಬಂದ ಸ್ಕೀಮ್ ಅದು, ಆಯ್ದ ಸಂಸ್ಥೆಗಳಿಗೆ ಮಾತ್ರ, ಮನಿ ಆದಾಯ 8 ಲಕ್ಷದ ಒಳಗಿದ್ರ 10 ಲಕ್ಷದ ತನಕದ ಸಾಲಕ್ಕ 3% ಬಡ್ಡಿ ಬಿಡ್ತಾರ, ಅದೂ ಕಂತು ಶುರು ಆಗೋ ತನಕ ಮಾತ್ರ. ಆದಾಯ ನಾಕೂವರೆ ಲಕ್ಷದ ಒಳಗಿದ್ರ ಪೂರ್ತಿ ಬಡ್ಡಿ ಬಿಡೋದು ಟೆಕ್ನಿಕಲ್, ಪ್ರೊಫೆಷನಲ್ ಕೋರ್ಸಿಗೆ. ಹಂಗಾಗಿ ಮೊದ್ಲು ನಿಮ್ಮ ಸಂಸ್ಥೆ ಆ ಪಟ್ಟಿಯೊಳಗ ಐತೋ ಇಲ್ಲೋ ನೋಡ್ರಿ. ರಾಜ್ಯ ಸರ್ಕಾರದ ನಿಗಮಗಳು ಕೊಡೋ ಅರಿವು ಸಾಲ ಅಂತಾನೂ ಕೆಲವ್ರು ಹೇಳ್ತಾರ, ಅದು ಹೆಚ್ಚಾಗಿ ಸಿಇಟಿ ಮ್ಯಾಲ ಹೋಗೋ ಎಂಜಿನಿಯರಿಂಗ್, ಮೆಡಿಕಲ್‌ನಂಥಾ ಕೋರ್ಸಿನವ್ರಿಗೆ.

ಇನ್ನೊಂದು ಮಾತು, ಲೋನ್ ಟೇಬಲ್ ಮುಂದ ಕುಂತವ್ನಾಗಿ ಹೇಳ್ತೀನಿ. ನಾಕು ಲಕ್ಷದ ತನಕ ಆಸ್ತಿ ಅಡ ಬ್ಯಾಡ, ಜಾಮೀನು ಬ್ಯಾಡ ಅಂದಕೂಡ್ಲೇ ಜನ ಹಗುರ ಆಗ್ತಾರ. ಆದ್ರ ಸಾಲದ ಪತ್ರದಾಗ ಮಗಳ ಜೋಡಿ ಅಪ್ಪನ ಸಹಿನೂ ಇರ್ತೈತಿ, ಆಕಿ ಮೂರು ಕಂತು ತಪ್ಪಿಸಿದ್ರ ಅಪ್ಪನ ಸಿಬಿಲ್ ಕೆಡ್ತೈತಿ, ನಾಳೆ ಅವನು ತಮ್ಮನ ಮದ್ವಿಗೋ ಬೆಳೆ ಸಾಲಕ್ಕೋ ಬ್ಯಾಂಕಿಗೆ ಹೋದ್ರ "ನಿಮ್ದೊಂದು ಎಜುಕೇಶನ್ ಲೋನ್ ಓವರ್‌ಡ್ಯೂ ಐತಲ್ಲ" ಅಂತಾರ. ಇದನ್ನ ಹುಡುಗರಿಗೆ ಯಾರೂ ಹೇಳೂದಿಲ್ಲ.

ಹಂಗಂತ ಬ್ಯಾಂಕ್ ಸಾಲ ಕೆಟ್ಟದ್ದರಾಗ ಒಳ್ಳೇದೇ. ಯೂನಿವರ್ಸಿಟಿ ಮಾನ್ಯತೆ ಇಲ್ಲದ ಕೋರ್ಸಿಗೆ ಬ್ಯಾಂಕ್ ಎಜುಕೇಶನ್ ಲೋನ್ ಕೊಡೋದು ಕಷ್ಟ, ಆವಾಗ ಮಂದಿ ಎಲ್ಲಿ ಹೋಗ್ತಾರ ಅಂದ್ರ ಬಂಗಾರ ಅಡ ಇಡಾಕ, ಸಂಘದ ಸಾಲಕ್ಕ, ಇಲ್ಲಾ ಮೂರು ರೂಪಾಯಿ ಬಡ್ಡಿಯವನ ಮನಿಗೆ. ನಮ್ಮ ತಂಡದಾಗ ಸಿರುಗುಪ್ಪ ಕಡೆಯ ಒಬ್ಬ ಹುಡುಗ ಇದ್ದ, ಬಾಳ ಚಲೋ ದನಿ, ಬೆಂಗಳೂರಾಗ ಆರು ತಿಂಗಳದ ಆಕ್ಟಿಂಗ್ ಕೋರ್ಸಿಗೆ ಅಂತ ಒಂದೂವರೆ ಲಕ್ಷ ಹಂಗ ತಂದ. ಸೀರಿಯಲ್‌ನಾಗ ಚಾನ್ಸ್ ಗ್ಯಾರಂಟಿ ಅಂದಿದ್ರಂತ, ಕೊನಿಗೆ ಕೊಟ್ಟಿದ್ದು ಒಂದು ಪೆನ್ ಡ್ರೈವ್‌ನಾಗ ಅವನದೇ ವಿಡಿಯೋ. ಮೂರು ರೂಪಾಯಿ ಅಂದ್ರ ಕೇಳಾಕ ಸಣ್ಣದು, ವರ್ಷಕ್ಕ 36% ಅದು. ತಿಂಗಳಿಗೆ 4,500 ಬಡ್ಡಿ, ಎರಡು ವರ್ಷದಾಗ 1,08,000 ಕಟ್ಟಿದ, ಅಸಲು ಅಲ್ಲೇ ಕುಂತಿತ್ತು. ಈಗ ಜೀನ್ಸ್ ಹೊಲಿಯೋ ಯೂನಿಟ್‌ನಾಗ ಸೂಪರ್‌ವೈಸರ್, ನಾಟಕದ ಸುದ್ದಿ ತೆಗೆದ್ರ ಮಾತು ತಿರುಗಿಸ್ತಾನ.

ಸರಿ, ಹಂಗಾದ್ರ ಏನೇನು ದಾರಿ ಅದಾವು.

ನನ್ನ ಪ್ರಕಾರ ಮೊದ್ಲು ನೋಡ್ಬೇಕಾದ್ದು ಒಂದು ವರ್ಷದ ರಂಗಶಿಕ್ಷಣದ ಕೋರ್ಸುಗಳು. ನಮ್ಮ ಕರ್ನಾಟಕದವ್ರ ಪುಣ್ಯ ಇದು, ಬ್ಯಾರೆ ರಾಜ್ಯದವ್ರು ಹೊಟ್ಟಿಕಿಚ್ಚು ಪಡ್ಬೇಕು. ಸಾಗರ ತಾಲೂಕಿನ ಹೆಗ್ಗೋಡಿನಾಗ ನೀನಾಸಂ ಐತಿ, ಸಂಸ್ಥೆ 1949ರದ್ದು, ರಂಗಶಿಕ್ಷಣ ಕೇಂದ್ರ 1980ರಾಗ ಶುರು ಆತು, ಕೆ.ವಿ. ಸುಬ್ಬಣ್ಣನವ್ರು ಕಟ್ಟಿದ್ದು, ಅವರಿಗೆ 1991ರಾಗ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿಯ ತಿರುಗಾಟ ಅನ್ನೋ ತಿರುಗು ನಾಟಕ ತಂಡ 1985ರಿಂದ ಊರೂರು ಸುತ್ತಾಕತ್ತೈತಿ, ಕಲಿತವ್ರಿಗೆ ಕೂಡ್ಲೇ ಒಂದು ಸೀಸನ್ ಪಗಾರದ ಕೆಲಸ ಸಿಗೋ ಸಾಧ್ಯತೆ ಐತಿ, ಮೂರು ವರ್ಷದ ಡಿಗ್ರಿ ಕೊಡಲಾರದ ಸೌಲತ್ತು ಅದು. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಾಗ ಶಿವಕುಮಾರ ರಂಗಪ್ರಯೋಗ ಶಾಲೆ, ಜೋಡಿಗೆ 1997ರಿಂದ ನಡೆಯೋ ಶಿವಸಂಚಾರ ಅನ್ನೋ ತಿರುಗು ತಂಡ. ನಮ್ಮ ಬಳ್ಳಾರಿಯವ್ರಿಗೆ ಇದು ಹತ್ರನೂ ಹೌದು. ಮೈಸೂರಿನ ರಂಗಾಯಣ ಬಿ.ವಿ. ಕಾರಂತರು 1989ರಾಗ ಶುರು ಮಾಡಿದ್ದು, ಅಲ್ಲಿಯೂ ಒಂದು ವರ್ಷದ ಡಿಪ್ಲೊಮಾ ಐತಿ. ಬೆಂಗಳೂರಿನ ಕಲಾಗ್ರಾಮದಾಗ ಎನ್‌ಎಸ್‌ಡಿಯವ್ರ (ರಾಷ್ಟ್ರೀಯ ನಾಟಕ ಶಾಲೆ) ಕೇಂದ್ರದಾಗೂ ಒಂದು ವರ್ಷದ್ದು ಐತಿ.

ಇವುಗಳ ಲೆಕ್ಕ ಏನಂದ್ರ, ಹೋಗೋದು ಒಂದೇ ವರ್ಷ, ಸೀಟು ಕಡಿಮಿ ಇರೋದ್ರಿಂದ ಸಂದರ್ಶನದಾಗ ಸೋಸಿ ತಗೊಳ್ತಾರ, ಸೀಟ್ ಸಿಕ್ರ ಖರ್ಚು ನನ್ನ 90,000ದ ಗೆರಿ ಒಳಗ ಮುಗಿಯೋಹಂಗ ನೋಡ್ಕೋಬಹುದು, ಸ್ಟೈಪೆಂಡ್ ಇದ್ದಲ್ಲಿ ಇನ್ನೂ ಕಡಿಮಿ. ಫೋನ್ ಮಾಡಿ ಮೂರು ಕೇಳ್ರಿ ಸಾಕು: ಊಟ ವಸತಿ ಫೀಯೊಳಗ ಬರ್ತೈತೋ ಬ್ಯಾರೆನೋ, ಸ್ಟೈಪೆಂಡ್ ಐತೋ, ಹೋದ ವರ್ಷ ಮುಗಿಸಿದವ್ರಾಗ ಎಷ್ಟು ಮಂದಿ ಈಗ ರೆಪರ್ಟರಿಯಾಗ ಅದಾರ. ಮೂರನೇದು ಕೇಳಿದ್ರ ಪ್ರೈವೇಟ್ ಕಾಲೇಜಿನ ಅಡ್ಮಿಷನ್ ಆಫೀಸಿನವ್ರು ಸಿನಿಮಾ ಸ್ಟಾರ್ ಹೆಸರು ಹೇಳ್ತಾರ, ಇಂಥಾ ಸಂಸ್ಥೆಯವ್ರು ಸೀದಾ ಹುಡುಗರ ನಂಬರ್ ಕೊಡ್ತಾರ. ಅದರಾಗೇ ತಿಳೀತೈತಿ.

ಇವುಗಳ ಕೊರತೆನೂ ಹೇಳ್ಬೇಕು. ಈ ಡಿಪ್ಲೊಮಾ ಡಿಗ್ರಿ ಅಲ್ಲ. ಬರೀ ಪಿಯುಸಿ ಮ್ಯಾಲ ಇದನ್ನ ಮುಗಿಸಿ ಬಂದ್ರ, ಮುಂದ ಡಿಗ್ರಿ ಕೇಳೋ ಸರ್ಕಾರಿ ಹುದ್ದೆಗೆ ಅರ್ಜಿ ಹಾಕ್ಬೇಕಂದ್ರ, ಬಿ.ಇಡಿ ಮಾಡ್ಬೇಕಂದ್ರ, ಬಾಗಿಲು ಮುಚ್ಚಿರ್ತೈತಿ. ಕಲ್ಯಾಣ ಕರ್ನಾಟಕದವ್ರಿಗೆ ಸೀಟು, ನೌಕರಿಯಾಗ ಮೀಸಲಾತಿ ಕೊಡೋ 371ಜೆ ಸರ್ಟಿಫಿಕೇಟ್ ಕೈಯಾಗ ಇಟ್ಕೊಂಡ ನಮ್ಮ ಕಡೆ ಹುಡುಗರು ಡಿಗ್ರಿ ಇಲ್ಲದ ಉಳಿಯೋದು ಅಂದ್ರ ಹೊಲ ಇದ್ದೂ ಬೀಜ ಹಾಕದ ಬಿಟ್ಟಂಗ.

ಇನ್ನ ದಿಲ್ಲಿಯ ಎನ್‌ಎಸ್‌ಡಿ. 1959ರಾಗ ಸಂಗೀತ ನಾಟಕ ಅಕಾಡೆಮಿಯ ಅಡಿಯಾಗ ಶುರು ಆಗಿ 1975ರಾಗ ಸ್ವತಂತ್ರ ಸಂಸ್ಥೆ ಆತು. ಮೂರು ವರ್ಷದ ಡಿಪ್ಲೊಮಾ, ಓದೋರಿಗೆ ತಿಂಗಳ ತಿಂಗಳ ಸ್ಕಾಲರ್‌ಶಿಪ್ ಅವರೇ ಕೊಡ್ತಾರ, ಅಂದ್ರ ಸಾಲದ ಮಾತೇ ಇಲ್ಲ. ಯೂನಿವರ್ಸಿಟಿಯಾಗ ಪಾಠ ಮಾಡಾಕ ಎಂ.ಎ.ಗೆ ಸಮ ಅಂತ ಮಾನ್ಯತೆನೂ ಐತಿ. ರಾಯಚೂರಿನಾಗ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ್ರ ಸೀದಾ ದಿಲ್ಲಿ. ಅಷ್ಟು ಸಸಾರ ಇದ್ದಿದ್ರ ಎಲ್ಲಾರೂ ಹೋಗ್ತಿದ್ರು ಅನ್ನಬ್ಯಾಡ್ರಿ, ಇಡೀ ದೇಶಕ್ಕ ಮೂವತ್ತು ಚಿಲ್ಲರೆ ಸೀಟು. ಯಾವುದಾದ್ರೂ ಡಿಗ್ರಿ ಆಗಿರ್ಬೇಕು, ನಾಟಕ ಆಡಿದ ಅನುಭವ ಇರ್ಬೇಕು, ಹಿಂದಿ ಇಂಗ್ಲಿಷ್ ತಿಳೀಬೇಕು, ವಯಸ್ಸು ಮೂವತ್ತರ ಒಳಗಿರ್ಬೇಕು. ಅಂದ್ರ ಪಿಯುಸಿ ಹುಡುಗಿಗೆ ಇದು ಇವತ್ತಿನ ಆಯ್ಕೆ ಅಲ್ಲ, ಮೂರು ವರ್ಷದ ಮ್ಯಾಲಿನ ಆಯ್ಕೆ. ಆ ಮೂರು ವರ್ಷ ಊರಾಗೇ ಇದ್ದು ಸಾದಾ ಡಿಗ್ರಿ ಓದ್ಕೋತ ನಾಟಕ ಆಡಿದ್ರ ಎರಡೂ ಅರ್ಹತೆ ಬರ್ತಾವು, ಅದನ್ನೇ ನಾನು ಆಕಿಗೆ ಒತ್ತಿ ಹೇಳಿದ್ದು.

ಸರ್ಕಾರಿ ಯೂನಿವರ್ಸಿಟಿಯ ದಾರಿ ಬ್ಯಾರೆ. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿವಿ ಐತಿ, ನಮ್ಮ ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿವಿಯೊಳಗೂ ನಾಟಕದ ಸ್ನಾತಕೋತ್ತರ ವಿಭಾಗ ಐತಿ. ಇಲ್ಲಿ ಫೀಗಿಂತ ಊಟ ರೂಮಿನ ಖರ್ಚೇ ದೊಡ್ಡದು. ಮನಿಯಿಂದ ಹೋಗಿ ಬರೋಹಂಗಿದ್ರ ಸಾಲ ಬೇಕಾಗೂದೇ ಇಲ್ಲ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಾಗ ಸ್ಕಾಲರ್‌ಶಿಪ್ ಹಾಕಿದ್ರ ಇನ್ನೂ ಹಗುರ. ಹೊರಗ ಇರ್ಬೇಕಾಗಿ 2 ಲಕ್ಷ ಸಾಲ ಆತು ಅಂತ ಹಿಡಿದ್ರೂ 10 ವರ್ಷಕ್ಕ ಇಎಂಐ 2,640 ಸುಮಾರು, 15,000ದಾಗ ಅದು 8%ರ ಎರಡು ಪಟ್ಟಿಗಿಂತ ಜಾಸ್ತಿ ಆದ್ರೂ ಉಸಿರು ಕಟ್ಟೂದಿಲ್ಲ. ಈ ದಾರಿ ಯಾರಿಗೆ ಅಂದ್ರ ಪಾಠ ಮಾಡೋ ಮನಸ್ಸಿದ್ದವ್ರಿಗೆ. ಕಾಲೇಜ್ ಮಾಸ್ತರಾಗಾಕ ಬರೆಯೋ ಯುಜಿಸಿ ನೆಟ್ ಪರೀಕ್ಷಿಯಾಗ ನಾಟಕನೂ ಒಂದು ವಿಷಯ, ಜೆಆರ್‌ಎಫ್ (ಸಂಶೋಧನೆ ಮಾಡೋರಿಗೆ ಕೊಡೋ ಫೆಲೋಶಿಪ್) ಸಿಕ್ರ ತಿಂಗಳಿಗೆ 37,000, ಅಸಿಸ್ಟೆಂಟ್ ಪ್ರೊಫೆಸರ್ ಆದ್ರ ಮೂಲ ವೇತನನೇ 57,700. ಹುದ್ದೆ ಕರಿಯೋದು ಅಪರೂಪ ಅನ್ನೋದು ನಿಜ, ಕರೆದಾಗ ಕೈಯಾಗ ಕಾಗದ ಇಲ್ಲದಿದ್ರ ಎಷ್ಟು ಚಲೋ ನಟ ಆದ್ರೂ ಹೊರಗ ನಿಂದ್ರಬೇಕು. ನಾಟಕದ ಡಿಗ್ರಿಯ ಬೆಲಿ ಇರೋದು ಇದೊಂದ್ರಾಗ. ಮಿಕ್ಕ ಕಡೆ, ರೆಪರ್ಟರಿ ಆಗ್ಲಿ ಸೀರಿಯಲ್ ಆಗ್ಲಿ, ಮಾರ್ಕ್ಸ್ ಕಾರ್ಡ್ ಕೇಳಿದವ್ರನ್ನ ನಾ ನೋಡಿಲ್ಲ, "ಒಂದು ಡೈಲಾಗ್ ಹೊಡಿ" ಅಂತಾರ ಅಷ್ಟೇ.

ಕಡೀದು, ಯಾವ ಕೋರ್ಸೂ ಬ್ಯಾಡ ಅನ್ನೋ ದಾರಿ. ಇದನ್ನ ಸಣ್ಣದು ಅನ್ನಬ್ಯಾಡ್ರಿ. ನಮ್ಮ ಬಳ್ಳಾರಿ ರಾಘವರು ವೃತ್ತಿಯಿಂದ ವಕೀಲರು, ಕೋರ್ಟು ಮುಗಿಸಿ ಬಣ್ಣ ಹಚ್ಚಿದವ್ರು, ಇವತ್ತಿಗೂ ಊರಾಗ ಅವರ ಹೆಸರಿನ ರಂಗಮಂದಿರದಾಗೇ ನಾವು ನಾಟಕ ಆಡೋದು. ಸುಭದ್ರಮ್ಮ ಮನ್ಸೂರು, ಮರಿಯಮ್ಮನಹಳ್ಳಿಯ ನಾಗರತ್ನಮ್ಮ, ಇವರೆಲ್ಲಾ ಯಾವ ಕಾಲೇಜಿಗೂ ಫೀ ಕಟ್ಟಿದವ್ರಲ್ಲ, ಕಂಪನಿ ನಾಟಕದ ಬೋರ್ಡಿನ ಮ್ಯಾಲೇ ಕಲಿತವ್ರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಾಗ ಪದ್ಮಶ್ರೀ ಬಂತು, ತೊಗಲುಗೊಂಬಿ ಆಡಿಸೋದು ಅವರಿಗೆ ಮನ್ಯಾಗೇ ಬಂದ ವಿದ್ಯೆ.

ಮತ್ತ ನಮ್ಮ ಹಳ್ಳಿ ನಾಟಕದ ವ್ಯವಹಾರನೇ ಒಂದು ವಿಚಿತ್ರ. ಜಾತ್ರಿ ಬಂತಂದ್ರ ಊರ ಹುಡುಗರು ಸಾಮಾಜಿಕ ನಾಟಕ ಹಚ್ತಾರ, ಹೀರೋ ಪಾರ್ಟಿಗೆ ಇಷ್ಟು, ವಿಲನ್ ಪಾರ್ಟಿಗೆ ಇಷ್ಟು ಅಂತ ಆಡೋರೇ ರೊಕ್ಕ ಹಾಕ್ತಾರ. ಆ ರೊಕ್ಕ ಯಾರಿಗೆ ಹೋಗ್ತೈತಿ? ಪೇಟಿ ಮಾಸ್ತರಿಗೆ, ಡ್ರಾಮಾ ಸೀನ್ಸ್‌ನವ್ರಿಗೆ, ಸೌಂಡ್ ಲೈಟ್‌ನವ್ರಿಗೆ, ಹೊರಗಿನಿಂದ ಕರೆಸೋ ಹೆಣ್ಣು ಪಾತ್ರದವ್ರಿಗೆ. ಸರಿಯಾಗಿ ನೋಡ್ರಿ, ಇಲ್ಲಿ ನಟಿಸೋ ಗಂಡಸು ಕೊಡ್ತಾನ, ಕೆಲಸ ಬಲ್ಲವ್ರು ತಗೊಳ್ತಾರ! ನಗರದಾಗೂ ಇದೇ ಕಥಿ, ಹೆಸರು ಬ್ಯಾರೆ. ಲೈಟಿಂಗ್ ಬಲ್ಲವ, ಮೇಕಪ್ ಬಲ್ಲವ, ಮಕ್ಕಳ ಬೇಸಿಗೆ ಶಿಬಿರ ನಡೆಸಾಕ ಬರೋ ಹುಡುಗಿ, ಕಾಲೇಜ್ ಯೂತ್ ಫೆಸ್ಟಿವಲ್‌ಗೆ ಸ್ಕಿಟ್ ಕಟ್ಟಿಕೊಡೋ ಹುಡುಗ, ಇವರಿಗೆ ವರ್ಷದಾಗ ಒಂದಿಷ್ಟು ತಿಂಗಳಾದ್ರೂ ರೊಕ್ಕ ಬರ್ತೈತಿ. ಬರೀ ನಟನೆ ಅಂತ ಕುಂತವ್ನಿಗೆ ಚಾ ಸಿಗ್ತೈತಿ, ನನ್ನನ್ನ ಕೇಳ್ರಿ. ಹಂಗಾಗಿ ಯಾವ ಕೋರ್ಸ್ ನೋಡಿದ್ರೂ ಅಲ್ಲಿ ನಟನೆ ಜೋಡಿ ಬೆಳಕು, ರಂಗಸಜ್ಜಿಕೆ, ಮಕ್ಕಳ ರಂಗಭೂಮಿ ಕಲಿಸ್ತಾರೋ ಇಲ್ಲೋ ನೋಡ್ರಿ, ದುಡಿಮಿ ಅಲ್ಲಿಂದ ಬರೋದು.

18ರಿಂದ 25ರ ಹುಡುಗರಿಗೆ ಕೇಂದ್ರ ಸಂಸ್ಕೃತಿ ಇಲಾಖೆಯವ್ರ ಯುವ ಕಲಾವಿದರ ಸ್ಕಾಲರ್‌ಶಿಪ್ ಒಂದೈತಿ, ತಿಂಗಳಿಗೆ 5,000ದಂಗ ಎರಡು ವರ್ಷ, ರಂಗಭೂಮಿನೂ ಅದರಾಗ ಬರ್ತೈತಿ. ಗುರುಗಳ ಹತ್ರ ಕಲಿಯಾಕತ್ತವ್ರು ಹಾಕಬಹುದು. ನಮ್ಮ ಕಡೆಯಿಂದ ಹಾಕೋರೇ ಕಡಿಮಿ.

ಹಂಗಾದ್ರ ಪ್ರೈವೇಟ್ ಡಿಗ್ರಿ ಯಾರಿಗೂ ಬ್ಯಾಡೇನು? ಮನ್ಯಾಗ ರೊಕ್ಕ ಐತಿ, ಸಾಲ ಇಲ್ಲದ ಆಗ್ತೈತಿ ಅಂದ್ರ ಹೋಗ್ಲಿ, ಇಂಗ್ಲಿಷ್ ನಾಟಕ, ಕಾರ್ಪೊರೇಟ್ ವರ್ಕ್‌ಶಾಪ್, ದೊಡ್ಡ ಊರಿನ ಪರಿಚಯ ಅವೆಲ್ಲಾ ಸಿಗ್ತಾವು. ಕಾಲೇಜಿನವ್ರೇ ಅರ್ಧಕ್ಕಿಂತ ಜಾಸ್ತಿ ಫೀ ಮಾಫಿ ಮಾಡಿದ್ರ ಮತ್ತೊಂದು ಸಲ ಲೆಕ್ಕ ಹಾಕ್ರಿ. ಸಾಲದ ಮ್ಯಾಲೇ ಪೂರ್ತಿ ನಿಂತಿದ್ರ ಮಾತ್ರ ನಾನು ಬ್ಯಾಡ ಅಂತೀನಿ, ಅದರಾಗ ಅನುಮಾನ ಇಲ್ಲ. ಇಎಂಐ ಇದ್ದವ್ರು ತಿರುಗಾಟಕ್ಕ ಹೋಗಾಕ ಆಗೂದಿಲ್ಲ, ಕಡಿಮಿ ಪಗಾರದ ಚಲೋ ನಾಟಕ ಬಂದ್ರ ಬಿಡ್ಬೇಕಾಗ್ತೈತಿ, ಮೊದಲನೇ ವರ್ಷನೇ ಕಾಲ್ ಸೆಂಟರ್ ಸೇರ್ತಾರ, ನಾಟಕ ಕಲಿಯಾಕ ಮಾಡಿದ ಸಾಲ ನಾಟಕದಿಂದನೇ ದೂರ ಮಾಡ್ತೈತಿ. ಇಂಥಾ ಇಬ್ಬರನ್ನ ನೋಡೀನಿ.

ಆಕಿ ಒಂದು ವಾರ ನನ್ನ ಜೋಡಿ ಮಾತು ಬಿಟ್ಟಿದ್ಲು. ಆಮ್ಯಾಲ ತಾನೇ ಫೋನ್ ಮಾಡಿದ್ಲು. ಈಗಿನ ತೀರ್ಮಾನ ಇಷ್ಟು: ಪಿಯುಸಿ ಮುಗಿಸಿ ಬಳ್ಳಾರಿಗೆ ನಮ್ಮ ಮನಿಗೇ ಬಂದು ಬಿ.ಎ. ಸೇರೋದು, ಸಂಜಿ ನಮ್ಮ ತಂಡದಾಗ ತಾಲೀಮು, ಡಿಗ್ರಿ ಆದ ವರ್ಷ ಹೆಗ್ಗೋಡು ಇಲ್ಲಾ ಸಾಣೇಹಳ್ಳಿಗೆ ಅರ್ಜಿ, ದಿಲ್ಲಿಗೂ ಒಂದು ಹಾಕೋದು. ಭಾವನ ಒಪ್ಪಿಸಾಕ ನಾನೇ ಗಂಗಾವತಿಗೆ ಹೋದೆ. "ನಾಟಕಕ್ಕ ರೊಕ್ಕ ಹಾಕೋ ಹುಚ್ಚು ನಮ್ಮ ಮನಿತನದಾಗ ಯಾರಿಗೂ ಇಲ್ಲ" ಅಂತ ಶುರು ಮಾಡಿದ. ಒಳಗಿನಿಂದ ನಮ್ಮಕ್ಕ ಅಂದ್ಲು, "ಮದ್ವಿ ಆದ ವರ್ಷ ಊರ ಜಾತ್ರಿಯಾಗ ಇನ್ಸ್‌ಪೆಕ್ಟರ್ ಪಾರ್ಟು ಮಾಡಾಕ ಎಂಟು ಸಾವಿರ ಹಾಕಿದ್ರಿ, ನನ್ನ ಬೆಂಡವಾಲಿ ಅಡ ಇಟ್ಟು. ಬಿಡಿಸಾಕ ಎರಡು ವರ್ಷ ಆತು."

ಭಾವ ಸ್ವಲ್ಪ ಹೊತ್ತು ಸುಮ್ನ ಇದ್ದ. ಆಮ್ಯಾಲ ಮಿಲ್ಲಿನ ಹಳೇ ಪುಸ್ತಕದ ಹಿಂದಿನ ಹಾಳಿ ತೆಗೆದು, ಮೂರು ವರ್ಷದ ಬಿ.ಎ. ಫೀ ಎಷ್ಟು, ಬಸ್ ಪಾಸ್ ಎಷ್ಟು, ಆ ಒಂದು ವರ್ಷದ ಕೋರ್ಸಿಗೆ ಊಟ ಅವರದೇನು ನಮ್ದೇನು ಅಂತ ಒಂದೊಂದೇ ಕೇಳ್ಕೋತ ಬರ್ಕೊಳ್ಳಾಕತ್ತಿದ.